ಶಾಲಿನಿ ವೆಡ್ಸ್ ಮಧುಕುಮಾರ್

ದೇವರಾಜು ಕುದೂರು ಬಸ್ ಸ್ಟ್ಯಾಂಡಿನ ತನ್ನ ಫೋಟೋ ಸ್ಟುಡಿಯೋದ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ತೋರಿಸಿ, ಕಂಪ್ಯೂಟರಿಗೂ ಒಂದು ಸುತ್ತು ಸುತ್ತಿಸಿ, ಇನ್ನೇನು ಕುರ್ಚಿಯಲ್ಲಿ ಕೂರಬೇಕು, ಅಷ್ಟರಲ್ಲಿ ತಿಪ್ಪಸಂದ್ರದ ಮುನಿರತ್ನಮ್ಮ ಬಸ್ಸಿಳಿದವರೇ ನೇರವಾಗಿ ಸ್ಟುಡಿಯೋದೊಳಗೆ ನುಗ್ಗಿದರು.

"ಅಳಿಸ್ಬುಡು," ಎಂದರು.

"ಯಾರನ್ನಕ್ಕಾ?"

"ನನ್ ಮಗಳನ್ನ."

ದೇವರಾಜು ಊದುಬತ್ತಿಯನ್ನು ಕಾಲಿನ ಮೇಲೆ ಬೀಳಿಸಿಕೊಂಡ.

ಅವನು ಕಾಲು ಒದರಿ ಮುಗಿಸುವ ಹೊತ್ತಿಗೆ ಮುನಿರತ್ನಮ್ಮ ವಿಷಯ ಬಿಡಿಸಿ ಹೇಳಿದ್ದರು. ಅವರ ಮಗಳು ಶಾಲಿನಿಗೆ ಹೋದ ವರ್ಷ ಮಧುಕುಮಾರ್ ಎಂಬುವವನ ಜೊತೆ ನಿಶ್ಚಿತಾರ್ಥವಾಗಿತ್ತು. ಮಂಚನಬೆಲೆ ಡ್ಯಾಮಿನ ಹತ್ತಿರ ಇಬ್ಬರನ್ನೂ ಓಡಿಸಿ, ನಗಿಸಿ, ಕೈ ಕೈ ಹಿಡಿಸಿ ಫೋಟೋ ತೆಗೆದವನು ಇದೇ ದೇವರಾಜು. ಆಮೇಲೆ ಮದುವೆ ಮುರಿದು ಬಿತ್ತು. ಆಲ್ಬಮ್ ತಗೊಂಡು ಹೋಗಲು ಎರಡೂ ಕಡೆಯವರು ಬರಲಿಲ್ಲ. ಈಗ ಶಾಲಿನಿಗೆ ಬೇರೆ ಕಡೆ ಗೊತ್ತಾಗಿತ್ತು. ಹುಡುಗ ಕನಕಪುರದ ಆಚೆ ಉಯ್ಯಂಬಳ್ಳಿಯ ಅನಂತರಾಜು. ಅವನ ಸೋದರಮಾವ ಕೃಷ್ಣಪ್ಪನವರು ಬಹಳ ಗಟ್ಟಿ ಆಸಾಮಿ. ಫೋಟೋದವನು ಯಾರು, ಹೇಗೆ ತೆಗೆಯುತ್ತಾನೆ ಎಂದು ಕಣ್ಣಾರೆ ನೋಡದೆ ಮದುವೆ ಆರ್ಡರ್ ಕೊಡುವುದಿಲ್ಲ ಎಂದಿದ್ದರು. ಅದಕ್ಕೇ ಅವರೆಲ್ಲ ಮಧ್ಯಾಹ್ನ ಕುದೂರಿಗೆ ಬರುವುದೆಂದು ಆಗಿತ್ತು.

"ಅವ್ರಿಗೆ ಹಳೇದು ಗೊತ್ತಾ?" ದೇವರಾಜು ಕೇಳಿದ.

"ಗೊತ್ತಾಗ್ಬಾರ್ದು ಅಂತಾನೇ ಬಂದಿರೋದು. ಒಂದ್ ಫೋಟೋ ಅವ್ರ ಕಣ್ಣಿಗೆ ಬಿದ್ರೂ ಈ ಮದ್ವೆನೂ ಮುಗೀತು. ಎಲ್ಲೈತೆ ತೋರ್ಸು. ನನ್ ಕಣ್ ಮುಂದೆ ಅಳ್ಸು."

ಮುನಿರತ್ನಮ್ಮ ಒಂದು ಕಾಲದ ಗ್ರಾಮ ಪಂಚಾಯಿತಿ ಸದಸ್ಯೆ. ಅವರು ಕೂತು ಮಾತಾಡಿದರೂ ಎದ್ದು ನಿಂತು ಮಾತಾಡಿದ ಹಾಗಿರುತ್ತಿತ್ತು. ದೇವರಾಜು ಕಂಪ್ಯೂಟರ್ ಹಾಕಿದ. ಅದು ಬಹಳ ಹಳೆಯದು. ಆನ್ ಮಾಡಿದರೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ರಾಮನಗರದ ರೇಷ್ಮೆ ರಾಟೆಗಳೆಲ್ಲ ಒಟ್ಟಿಗೆ ತಿರುಗಿದ ಹಾಗೆ ಸದ್ದು ಮಾಡುತ್ತಿತ್ತು, ಕಡೆಗೆ ಬೆಳಕು ಬಿಡುತ್ತಿತ್ತು. ಹೊಸದು ತಗೋ ಎಂದವರಿಗೆಲ್ಲ ದೇವರಾಜು ಒಂದೇ ಉತ್ತರ ಕೊಡುತ್ತಿದ್ದ: "ನಾನು ಹೇಳ್ದಂಗೆ ಕೇಳ್ತೈತೆ. ಇನ್ನೇನ್ ಬೇಕು?"

'ಶಾಲಿನಿ ವೆಡ್ಸ್ ಮಧುಕುಮಾರ್' ಎಂಬ ಫೋಲ್ಡರ್ ಸಿಕ್ಕಿತು. ಅದೇ ಹೌದೋ ಅಲ್ಲವೋ ತೆರೆದು ತೋರಿಸು ಎಂದು ಮುನಿರತ್ನಮ್ಮ ಪಟ್ಟು ಹಿಡಿದರು. ದೇವರಾಜು ಒಂದು ಫೋಟೋ ತೆರೆದ. ಡ್ಯಾಮಿನ ನೀರು, ಸಂಜೆ ಬಿಸಿಲು, ಹಾರುವ ಸೆರಗು, ಮಂಡಿಯೂರಿ ಗುಲಾಬಿ ನೀಡುತ್ತಿರುವ ಮಧುಕುಮಾರ್.

"ಥೂ, ಮುಚ್ಚು ಮುಚ್ಚು! ತೆಗ್ದಾಕು ಅದ್ನ!"

ದೇವರಾಜು ಫೋಟೋ ಮುಚ್ಚಿ, ಫೋಲ್ಡರಿನ ಮೇಲೆ ಬಾಣ ಇಟ್ಟು ಡಿಲೀಟ್ ಒತ್ತಿದ. ಟಣ್ ಎಂದು ಸದ್ದಾಗಿ ಒಂದು ಸಣ್ಣ ಕಿಟಕಿ ಬಂತು. ಫೋಲ್ಡರು ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದಿದೆಯಂತೆ. ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಬೇಕಂತೆ.

ದೇವರಾಜು ನೋಡಿದ. ಯಾವುದೂ ತೆರೆದಿರಲಿಲ್ಲ. ಮತ್ತೆ ಒತ್ತಿದ. ಟಣ್. ಮತ್ತೆ ಒತ್ತಿದ. ಟಣ್.

"ಏನಂತೆ?" ಮುನಿರತ್ನಮ್ಮ ಕೇಳಿದರು.

"ಹೋಗಲ್ವಂತೆ."

"ಹೋಗಲ್ಲ ಅನ್ನೋಕೆ ಅದ್ಯಾರು?"

ಆ ಮಾತು ದೇವರಾಜುವಿಗೆ ನಾಟಿತು. ಅವನೇನು ಸಾಮಾನ್ಯ ಹಟದವನಲ್ಲ. ಒಮ್ಮೆ ಮದುವೆಮನೆಯಲ್ಲಿ ಯಾರೋ ದೊಡ್ಡಮನುಷ್ಯರು ಕ್ಯಾಮರಾಕ್ಕೆ ಅಡ್ಡ ನಿಂತರೆಂದು, ಅವರು ಸರಿಯುವತನಕ ತಾಳಿ ಕಟ್ಟಬೇಡಿ ಎಂದು ಪುರೋಹಿತರನ್ನೇ ತಡೆದು ನಿಲ್ಲಿಸಿದ್ದ. ಅಂಥವನಿಗೆ ಅವನದೇ ಅಂಗಡಿಯಲ್ಲಿ, ಅವನದೇ ಕಂಪ್ಯೂಟರು ಎದುರುತ್ತರ ಕೊಡುವುದೆಂದರೇನು? ತೋಳು ಮೇಲೇರಿಸಿದ.

"ಇವತ್ತು ಇದಿರ್ಬೇಕು, ಇಲ್ಲಾ ನಾನಿರ್ಬೇಕು," ಎಂದ.

ಟಣ್ ಟಣ್ ಸದ್ದು ಕೇಳಿ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಶುಕೂರ್ ಹಿಂಬಾಗಿಲಿನಿಂದ ಬಂದ. ಎರಡು ಅಂಗಡಿಗೂ ಹಿಂದೆ ಒಂದೇ ಹಜಾರ. ಶುಕೂರನಿಗೆ ಯಾವ ಯಂತ್ರ ಕೆಟ್ಟರೂ ಸಂತೋಷವಾಗುತ್ತಿತ್ತು.

"ರೀಸ್ಟಾರ್ಟ್ ಮಾಡಿ ಅಣ್ಣಾ. ನೂರಕ್ಕೆ ತೊಂಬತ್ತು ರೋಗಕ್ಕೆ ಅದೇ ಮದ್ದು."

ರೀಸ್ಟಾರ್ಟ್ ಮಾಡಿದರು. ಕಂಪ್ಯೂಟರು ಮಲಗಿ ಏಳುವಷ್ಟರಲ್ಲಿ ಮೂವರೂ ಟೀ ಕುಡಿದು, ಲೋಟ ತೊಳೆದು, ಮುನಿರತ್ನಮ್ಮನವರ ಮಂಡಿನೋವಿನ ಕತೆಯೆಲ್ಲ ಕೇಳಿದರು. ಎದ್ದ ಮೇಲೆ ದೇವರಾಜು ಡಿಲೀಟ್ ಒತ್ತಿದ.

ಟಣ್.

"ಹೆಸ್ರು ಬದ್ಲಾಯ್ಸಿ ನೋಡೋಣ," ಎಂದ ಶುಕೂರ್. ಹೆಸರೂ ಬದಲಾಗಲಿಲ್ಲ. "ಹಂಗಾದ್ರೆ ಮರೆ ಮಾಡೋಣ. ಹಿಡನ್ ಅಂತ ಒಂದೈತೆ." ಮರೆ ಮಾಡಿದರು. ಆದರೆ ದೇವರಾಜುವಿನ ಕಂಪ್ಯೂಟರಿನಲ್ಲಿ ಮರೆಯಾದದ್ದೂ ಕಾಣುತ್ತಿತ್ತು, ಒಸಿ ಮಸುಕಾಗಿ, ಅಷ್ಟೇ.

"ಅಯ್ಯೋ, ದೆವ್ವ ಆಗೋಯ್ತಲ್ಲೋ!" ಮುನಿರತ್ನಮ್ಮ ಎದೆ ಮುಟ್ಟಿಕೊಂಡರು.

ಅಷ್ಟರಲ್ಲಿ ವೆಂಕಟಯ್ಯನವರೂ ಹಿಂಬಾಗಿಲಿನಿಂದಲೇ ಬಂದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದಿನವೂ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಪುಕ್ಕಟೆ ಪೇಪರ್ ಓದುವುದು ಅವರ ಕಾಯಕ. ಸಮಸ್ಯೆ ಕೇಳಿ ಕನ್ನಡಕ ಒರೆಸಿಕೊಂಡರು.

"ನೀವು ತಪ್ ಮಾಡ್ತಿರೋದೇ ಅಲ್ಲಿ. ಯಾವ ಫೈಲೂ ಕೂತ ಜಾಗದಲ್ಲಿ ವಿಲೇವಾರಿ ಆಗೋದಿಲ್ಲ. ಮೊದಲು ಅದನ್ನ ಬೇರೆ ಟೇಬಲ್ಲಿಗೆ ಕಳಿಸ್ಬೇಕು. ಅಲ್ಲಿ ಅದು ತಾನಾಗೇ ಕಳೆದುಹೋಗುತ್ತೆ."

ಇದು ಅನುಭವದ ಮಾತು. ದೇವರಾಜು ಫೋಲ್ಡರನ್ನು ಸಿ ಡ್ರೈವಿನಿಂದ ಡಿ ಡ್ರೈವಿಗೆ ಎಳೆದ. ಹಸಿರು ಪಟ್ಟಿ ಆಮೆಯ ಹಾಗೆ ತೆವಳಿ ತುದಿ ಮುಟ್ಟಿತು. ಡಿ ಡ್ರೈವಿನಲ್ಲಿ ಬಂದು ಕೂತ ಫೋಲ್ಡರಿನ ಮೇಲೆ, ಕಂಪ್ಯೂಟರಿನ ಕಸದ ಬುಟ್ಟಿಗೂ ಬೀಳದ ಹಾಗೆ ಶಿಫ್ಟ್ ಹಿಡಿದು, ಡಿಲೀಟ್ ಒತ್ತಿದ. ಚಕ್ಕನೆ ಮಾಯ!

ನಾಲ್ವರೂ ಒಟ್ಟಿಗೆ ಕೂಗಿದರು. ಮುನಿರತ್ನಮ್ಮ ವೆಂಕಟಯ್ಯನವರಿಗೆ ಕೈ ಮುಗಿದರು. ವೆಂಕಟಯ್ಯನವರು "ಇಷ್ಟೇ" ಎಂದು ಪೇಪರ್ ಬಿಡಿಸಿದರು. ಅಷ್ಟರಲ್ಲಿ ಶುಕೂರ್ ಸಿ ಡ್ರೈವ್ ತೆರೆದು ನೋಡಿದ.

ಫೋಲ್ಡರು ಅಲ್ಲೇ ಇತ್ತು. ಮಸುಕಾಗಿ.

"ಅಳಿಸಿದ್ದು ನಕಲು ಅಣ್ಣಾ. ಅಸಲು ಕದ್ಲೇ ಇಲ್ಲ."

"ಹೌದೌದು," ಎಂದರು ವೆಂಕಟಯ್ಯನವರು ಪೇಪರಿನ ಹಿಂದಿನಿಂದ, "ನಮ್ಮಲ್ಲೂ ಹಾಗೇ ಆಗ್ತಿತ್ತು."

ಹೊರಗೆ ಜಗಲಿಯ ಪಕ್ಕ ಹೂ ಮಾರುವ ಕೆಂಚಮ್ಮ ಬಾಗಿಲ ಪರದೆ ಸರಿಸಿ ಇಣುಕಿದಳು. ಬಾಯಲ್ಲಿ ಎಲೆಯಡಿಕೆ ತುಂಬಿತ್ತು.

"ಮುನಿರತ್ನಮ್ಮಾರೇ, ನಿಮ್ ಶಾಲಿನಿ ಜೋಡಿ ಬೋ ಸೊಗ್ಸಾಗೈತೆ ಕಣ್ರವ್ವಾ. ನನ್ ದೃಷ್ಟೀನೇ ತಾಕ್ಬುಡ್ತದೆ."

ಮುನಿರತ್ನಮ್ಮನವರ ಮುಖ ಅರಳಿತು. "ನಿನಗೂ ಗೊತ್ತಾಯ್ತಾ ಕೆಂಚಮ್ಮ? ಹೊಸ ಹುಡುಗ್ನ ಎಲ್ ನೋಡ್ದೆ?"

"ಇಲ್ಲೇ," ಎಂದು ಕೆಂಚಮ್ಮ ಹೊರಗೆ ಕೈ ತೋರಿಸಿ, ಗಿರಾಕಿ ಕೂಗಿದನೆಂದು ಹೋಗಿಬಿಟ್ಟಳು.

"ಹುಡುಗ ಆಗ್ಲೇ ಬಂದ್ಬುಟ್ನಾ?" ಮುನಿರತ್ನಮ್ಮ ಗಾಬರಿಯಾದರು. "ಲೇ ದೇವ್ರಾಜ, ಬೇಗ ಏನಾರ ಮಾಡ್ಲಾ!"

ಈಗ ಶುಕೂರ್ ಬೆರಳ ನೆಟಿಕೆ ಮುರಿದ. "ಅಣ್ಣಾ, ಎದ್ದೇಳಿ. ಕಪ್ಪು ಕಿಟಕಿ ತೆಗೀಬೇಕು. ಅಲ್ಲಿ ಕಂಪ್ಯೂಟರು ಪ್ರಶ್ನೆ ಕೇಳಲ್ಲ. ಹೇಳಿದ್ ಮಾಡ್ತದೆ."

ಕಪ್ಪು ಕಿಟಕಿ ತೆರೆಯಿತು. ಬಿಳಿ ಅಕ್ಷರಗಳು ಮಿಣುಕಿದವು. ಶುಕೂರ್ ಅಳಿಸು ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು, ಫೋಲ್ಡರಿನ ಹೆಸರಿನ ಮೊದಲ ಅಕ್ಷರ ಎಸ್ ಒತ್ತಿ ನಿಲ್ಲಿಸಿದ.

"ಪೂರ್ತಿ ಬರೀಲಾ," ಎಂದ ದೇವರಾಜು.

"ಬೇಕಿಲ್ಲ ಅಣ್ಣಾ. ಮೊದ್ಲಕ್ಷರ ಕೊಟ್ಟು ಟ್ಯಾಬ್ ಒತ್ತಿದ್ರೆ ಉಳಿದಿದ್ದನ್ನ ಅದೇ ತುಂಬ್ಕೊಳ್ತದೆ." ಶುಕೂರ್ ಟ್ಯಾಬ್ ಒತ್ತಿ, ಎಂಟರ್ ಕೂಡ ಒತ್ತಿ, ಪಿಟೀಲು ಕಚೇರಿ ಮುಗಿಸಿದವನ ಹಾಗೆ ಕೈ ಮೇಲೆತ್ತಿದ.

ಈ ಸಲ ಟಣ್ ಎನ್ನಲಿಲ್ಲ. ಒಳಗಿನಿಂದ ಕರ ಕರ ಸದ್ದು ಬಂತು, ಯಾರೋ ಹಪ್ಪಳ ತಿಂದ ಹಾಗೆ. ದೇವರಾಜುವಿನ ಮುಖದಲ್ಲಿ ನಗು ಹರಡಿತು. ಕಿಟಕಿ ಮುಚ್ಚಿ ನೋಡಿದರು.

'ಶಾಲಿನಿ ವೆಡ್ಸ್ ಮಧುಕುಮಾರ್' ಕೂತಲ್ಲೇ ಕೂತಿತ್ತು. ಅದರ ಮೇಲೆ ಇರುತ್ತಿದ್ದ ಇನ್ನೊಂದು ಫೋಲ್ಡರು ಇರಲಿಲ್ಲ.

"ಶುಕೂರ," ದೇವರಾಜು ಮೆಲ್ಲಗೆ ಕೇಳಿದ, "ಇಲ್ಲಿದ್ದ 'ಸ್ಯಾಂಪಲ್ಸ್' ಎಲ್ಲೋಯ್ತು?"

ಶುಕೂರ್ ಪರದೆ ನೋಡಿದ, ಕೀಬೋರ್ಡ್ ನೋಡಿದ, ಹಿಂಬಾಗಿಲನ್ನೂ ನೋಡಿದ. "ಸ್ಯಾಂಪಲ್ಸ್‌ಗೂ ಎಸ್ಸೇ ಅಲ್ವಾ ಅಣ್ಣಾ? ಎಸ್ಸಲ್ಲಿ ಅದೇ ಮೊದ್ಲು ಬತ್ತದೆ. ಕಪ್ಪು ಕಿಟಕೀಲಿ ಅಳ್ಸಿದ್ದು ಬುಟ್ಟಿಗೂ ಬೀಳಲ್ಲ."

ದೇವರಾಜು ತೆಗೆದ ಮದುವೆಗಳಲ್ಲಿ ಅವನೇ ಆರಿಸಿ ಇಟ್ಟಿದ್ದ ಫೋಟೋಗಳೆಲ್ಲ ಅದರಲ್ಲಿದ್ದವು. ಮಿಕ್ಕ ಫೋಟೋಗಳನ್ನೆಲ್ಲ ಆಯಾ ಗಿರಾಕಿಗೆ ಕೊಟ್ಟು, ಜಾಗ ಸಾಲದೆಂದು ಆಗಾಗ ಅಳಿಸಿಬಿಡುತ್ತಿದ್ದ. ಈಗ ಅವನ ಇಡೀ ಕಸುಬಿನಲ್ಲಿ ಉಳಿದದ್ದು ಊರವರ ಪಾಸ್‌ಪೋರ್ಟ್ ಸೈಜಿನ ಮುಖಗಳು ಮತ್ತು ಹೋಗಲೊಲ್ಲದ ಆ ಒಂದು ಫೋಲ್ಡರು.

ಬೇರೆಯವನಾಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದ. ದೇವರಾಜು ಎದ್ದು ನಿಂತ. ಕಣ್ಣು ಕೆಂಪಾಗಿತ್ತು.

"ಹೋಗ್ಲಿ," ಎಂದ. "ಎಲ್ಲಾ ಹೋಗ್ಲಿ. ಆದ್ರೆ ಇದ್ನ ಮಾತ್ರ ಬುಡಲ್ಲ. ಏಯ್, ಕೇಳಿಸ್ತೇನ್ಲಾ?" ಕಂಪ್ಯೂಟರಿಗೆ ಬೆರಳು ತೋರಿಸಿದ. "ನಿನ್ನ ಹೊಟ್ಟೆ ಬಗ್ದು ತೆಗೀತೀನಿ. ಶುಕೂರಾ, ಸ್ಕ್ರೂಡ್ರೈವರ್ ತತ್ತಾ!"

"ಬಿಚ್ಚಿದ್ರೆ ಜೋಡ್ಸೋಕಾಗಲ್ಲ ಅಣ್ಣಾ."

"ಜೋಡ್ಸೋದು ಯಾರಿಗ್ ಬೇಕಾಗೈತೆ?"

ಸ್ಕ್ರೂಡ್ರೈವರ್ ಬರುವ ಮೊದಲೇ ಹೊರಗೆ ಗಲಾಟೆ ಕೇಳಿಸಿತು. ಬಸ್ ಸ್ಟ್ಯಾಂಡಿನ ಸಾಮಾನ್ಯ ಗಲಾಟೆಯಲ್ಲ. ಜನ ಗುಂಪಾಗಿ ನಿಂತು "ಓ" ಎನ್ನುವುದು, ಸ್ವಲ್ಪ ಹೊತ್ತು ಸುಮ್ಮನಾಗುವುದು, ಮತ್ತೆ "ಓ" ಎನ್ನುವುದು. ಮುನಿರತ್ನಮ್ಮ ಪರದೆ ಸರಿಸಿ ಹೊರಗೆ ಕಾಲಿಟ್ಟವರು, ಜಗಲಿಯ ಕಂಬ ಹಿಡಿದು ಹಾಗೇ ಕೆಳಗೆ ಕೂತುಬಿಟ್ಟರು.

ಗಿರಾಕಿಗಳನ್ನು ಸೆಳೆಯಲೆಂದು ದೇವರಾಜು ಯುಗಾದಿಗೆ ಒಂದು ದೊಡ್ಡ ಟಿವಿ ತಂದು ಹೊರಗೋಡೆಗೆ, ಬೀದಿಗೆ ಮುಖ ಮಾಡಿ ಹಾಕಿಸಿದ್ದ. ಗೋಡೆಯಲ್ಲಿ ತೂತು ಮಾಡಿ ಕಂಪ್ಯೂಟರಿನಿಂದ ವೈರು ಎಳೆದಿದ್ದ. ಕಂಪ್ಯೂಟರು ಎದ್ದರೆ ಟಿವಿಯೂ ತಾನಾಗಿ ಏಳುತ್ತಿತ್ತು, ಕೊನೆಗೆ ತೆರೆದ ಫೋಟೋ ಯಾವ ಫೋಲ್ಡರಿನದೋ ಆ ಫೋಲ್ಡರನ್ನೇ ಒಂದಾದ ಮೇಲೊಂದು ತೋರಿಸುತ್ತಿತ್ತು. ಒಳಗೆ ಕೂತವನಿಗೆ ಅದು ಕಾಣುತ್ತಿರಲಿಲ್ಲವಾದ್ದರಿಂದ ದೇವರಾಜುವಿಗೆ ಅದರ ನೆನಪೇ ಇರಲಿಲ್ಲ. ಬೆಳಗಿನಿಂದ ಫೋಲ್ಡರನ್ನು ಬಿಡದೆ ಹಿಡಿದುಕೊಂಡಿದ್ದ ಆ ಬೇರೊಂದು ಪ್ರೋಗ್ರಾಮು ಇದೇ.

ಈಗ ಆ ಟಿವಿಯಲ್ಲಿ ಶಾಲಿನಿ ಡ್ಯಾಮಿನ ದಂಡೆಯ ಮೇಲೆ ಓಡುತ್ತಿದ್ದಳು. ಮಧುಕುಮಾರ್ ಹಿಂದೆ ಓಡುತ್ತಿದ್ದ. ಮುಂದಿನ ಫೋಟೋದಲ್ಲಿ ಹಿಡಿದುಕೊಂಡ. ಜನ "ಓ" ಎಂದರು.

ಗುಂಪಿನ ಮುಂದೆ, ಆಗ ತಾನೇ ಬಸ್ಸಿಳಿದ ಧೂಳಿನಲ್ಲಿ, ಬಿಳಿ ಪಂಚೆಯ ಕೃಷ್ಣಪ್ಪನವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ ಹುಡುಗ ಅನಂತರಾಜು. ಅವನ ಪಕ್ಕದಲ್ಲಿ ಮಾಗಡಿಯಿಂದ ಸ್ಕೂಟರಿನಲ್ಲಿ ಬಂದಿದ್ದ ಶಾಲಿನಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ತನ್ನನ್ನು ತಾನೇ ನೋಡುತ್ತಿದ್ದಳು.

ಕೃಷ್ಣಪ್ಪನವರು ನಿಧಾನವಾಗಿ ತಿರುಗಿದರು. "ಯಾರವ್ವಾ ಈ ಹುಡುಗ?"

ಮುನಿರತ್ನಮ್ಮ ಕೂತಲ್ಲಿಂದಲೇ "ಕಸಿನ್ನು!" ಎಂದರು. ಅದೇ ಗಳಿಗೆಗೆ ಟಿವಿಯಲ್ಲಿ ಉಂಗುರ ಬದಲಾಯಿಸುವ ಫೋಟೋ ಬಂತು.

"ಕಸಿನ್ನಲ್ಲ," ಎಂದಳು ಶಾಲಿನಿ. "ನನ್ಗೂ ಅವ್ರಿಗೂ ಎಂಗೇಜ್‌ಮೆಂಟ್ ಆಗಿತ್ತು. ಆಮೇಲೆ ಪಶು ಆಸ್ಪತ್ರೆ ಕೆಲಸ ಬಿಡು, ದನದ ಮೈ ಮುಟ್ಟಿದ ಕೈಯಲ್ಲಿ ನಮ್ಮನೇಲಿ ಅಡುಗೆ ಮಾಡ್ಬಾರ್ದು ಅಂದ್ರು. ನಾನು ಉಂಗುರ ವಾಪಸ್ ಕೊಟ್ಟು ಬಂದೆ. ಕಳ್ತನ ಮಾಡಿಲ್ಲ ನಾನು. ಅಮ್ಮಾ, ನೀನ್ಯಾಕೆ ನೆಲದ್ ಮೇಲೆ ಕೂತಿದೀಯ? ಏಳು."

ಕೆಂಚಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದಳು.

ಜಗಲಿಯ ಮೂಲೆಯಲ್ಲಿ ದೇವರಾಜು ಟಿವಿಯನ್ನೇ ನೋಡುತ್ತಿದ್ದ. ಶಾಲಿನಿಯ ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವನ ತಲೆಯೊಳಗೆ ಒಂದೇ ಒಂದು ದೀಪ ಹತ್ತಿತ್ತು. ಓಹೋ, ನೀನೇನೋ ಹಿಡ್ಕೊಂಡಿರೋನು! ಹಾರಿ ಒಳಗೆ ಹೋದ. ಗೋಡೆಯ ತೂತಿನ ಹತ್ತಿರ ಮಂಡಿಯೂರಿ ಟಿವಿಯ ವೈರನ್ನು ಬೇರು ಸಮೇತ ಕಿತ್ತ ಹಾಗೆ ಕಿತ್ತ. ಆ ಫೋಟೋ ತೋರಿಸುವ ಪ್ರೋಗ್ರಾಮನ್ನು ಹುಡುಕಿ ಕತ್ತು ಹಿಸುಕಿ ಮುಚ್ಚಿದ.

ಹೊರಗೆ ಟಿವಿ ಕಪ್ಪಾಯಿತು. ಕೃಷ್ಣಪ್ಪನವರು ಬಾಯಿ ಬಿಟ್ಟರು.

"ಅಲ್ಲಾ ಮುನಿರತ್ನಮ್ನೋರೇ, ಇದ್ನ ಯಾಕ್ ಮುಚ್ಚಿಡ್ತೀರಿ? ಶಾಲಿನಿ ನಮ್ಮೂರಿಗೆ ಡ್ಯೂಟಿಗೆ ಬಂದ ಕಾಲದಿಂದ್ಲೂ ನಂಗೊತ್ತು. ನಮ್ಮ ಸೀಮೆಹಸು ಕರು ಹಾಕ್ನಾರ್ದೆ ಒದ್ದಾಡ್ತಾ ಇದ್ದಾಗ, ಸೆರಗು ಸಿಕ್ಕಿಸ್ಕೊಂಡು ತಾಯಿ ಮಗು ಎರಡೂ ಉಳಿಸ್ದೋಳು ಈ ಹುಡ್ಗಿ. ಹಳೇದೆಲ್ಲಾ ನಮ್ಮ ಅನಂತಂಗೆ ಮೊದ್ಲೇ ಹೇಳವ್ಳೆ. ಅವ್ನು ನಂಗೇಳವ್ನೆ. ಆ ಹುಡ್ಗನ ಮುಖ ಮಾತ್ರ ನೋಡಿರ್ಲಿಲ್ಲ."

ಅನಂತರಾಜು ಹೌದೆಂದು ಚನ್ನಪಟ್ಟಣದ ಬೊಂಬೆಯ ಹಾಗೆ ತಲೆಯಾಡಿಸಿದ. "ಅವ್ರು ಉಂಗುರ ವಾಪಸ್ ಕೊಟ್ಟಿದ್ದಕ್ಕೇ ನಂಗ್ ಇಷ್ಟ ಆಗಿದ್ದು," ಎಂದು ಹೇಳಿ ಕಿವಿ ಕೆಂಪು ಮಾಡಿಕೊಂಡ.

ಮುನಿರತ್ನಮ್ಮ ಕಂಬ ಬಿಟ್ಟು ಎದ್ದರು. ಕಣ್ಣು ಒರೆಸಿಕೊಂಡರು. ಕೆಂಚಮ್ಮ ಎಲ್ಲರಿಗಿಂತ ಜೋರಾಗಿ ಮೂಗು ಸೀಟಿದಳು.

"ಅದು ಬುಡಿ," ಕೃಷ್ಣಪ್ಪನವರು ಟಿವಿಯತ್ತ ಕೈ ಮಾಡಿದರು. "ಆ ಫೋಟೋ ತೆಗ್ದೋನು ಯಾರು? ಏನ್ ಕೈಚಳ್ಕ ಕಣ್ರೀ! ಆ ನೀರೇನು, ಆ ಬಿಸಿಲೇನು! ನಾನು ಕನಕಪುರ, ರಾಮನಗರ ಎಲ್ಲಾ ಸುತ್ತಿ ನೋಡಿವ್ನಿ, ಇಂಥದ್ದು ಕಾಣ್ಲಿಲ್ಲ. ಒಸಿ ನೋಡೋವಷ್ಟ್ರಲ್ಲಿ ನಿಂತೋಯ್ತು. ಕರೀರಿ ಅವನ್ನ. ಈ ಫೋಲ್ಡರು ಪೂರ್ತಿ ಕೂತು ನೋಡ್ಬೇಕು. ಮಿಕ್ಕಿದ್ದೂ ಹಿಂಗೇ ಇದ್ರೆ ಅನಂತನ ಮದ್ವೆ ಅವನದೇ. ನನ್ನಿಬ್ರು ಹೆಣ್ಮಕ್ಕಳ ಮದ್ವೆನೂ ಅವನಿಗೇ."

ವೆಂಕಟಯ್ಯನವರು ಪೇಪರ್ ಮಡಿಸಿ, ಮೊದಲ ಬಾರಿಗೆ ಆತುರದಿಂದ ಎದ್ದರು. ಶುಕೂರ್ "ಅಣ್ಣಾ! ದೇವ್ರಾಜಣ್ಣಾ! ತಡೀರಿ!" ಎಂದು ಕೂಗುತ್ತ ಒಳಗೆ ಓಡಿದ.

ಒಳಗಿನಿಂದ ಪರದೆಯನ್ನು ಹರಿಯುವ ಹಾಗೆ ಸರಿಸಿಕೊಂಡು ದೇವರಾಜುವೇ ಎದುರಿಗೆ ಬಂದ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಮೈಯೆಲ್ಲ ಧೂಳು. ಎರಡೂ ಕೈ ಮೇಲೆತ್ತಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ.

"ಅಳಿಸ್ಬುಟ್ಟೆ! ಯಾರತ್ರ ಹಟ ನಿಂದು? ಶಿಫ್ಟ್ ಒತ್ತಿ ಅಳಿಸ್ಬುಟ್ಟೆ! ಬುಟ್ಟಿಗೂ ಬೀಳ್ದಂಗೆ ಅಳಿಸ್ಬುಟ್ಟೆ!"

ಒಂದು ಬಸ್ಸು ಹಾರ್ನ್ ಹೊಡೆದು ಸುಮ್ಮನಾಯಿತು.

ಶುಕೂರ್ ಮೆಲ್ಲಗೆ ಅವನ ಕಿವಿಯಲ್ಲಿ ವಿಷಯ ಹೇಳಿದ. ದೇವರಾಜುವಿನ ಕೈಗಳು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿದವು.

"ಹೋಗ್ಲಿ ಬುಡಪ್ಪ," ಎಂದರು ಕೃಷ್ಣಪ್ಪನವರು, "ಬೇರೆ ಮದ್ವೇದು ತೋರ್ಸು. ಸ್ಯಾಂಪಲ್ಸು ಇರ್ತಾವಲ್ಲ?"

ದೇವರಾಜು ಶುಕೂರನನ್ನು ನೋಡಿದ. ಶುಕೂರ್ ಆಕಾಶ ನೋಡಿದ. ಕೊನೆಗೆ ದೇವರಾಜು ಅವರನ್ನು ಒಳಗೆ ಕರೆದು, ಕೂರಿಸಿ, ಇದ್ದದ್ದನ್ನು ತೋರಿಸಿದ. ನೀಲಿ ಪರದೆಯ ಮುಂದೆ ಕಣ್ಣು ಮಿಟುಕಿಸದೆ ಕೂತ ಕುದೂರಿನ ಜನ ಒಬ್ಬರಾದ ಮೇಲೊಬ್ಬರು ಬಂದು ಹೋದರು.

ಕೃಷ್ಣಪ್ಪನವರು ಹೆಗಲ ಟವೆಲ್ ಕೊಡವಿ ಎದ್ದರು. "ನಮ್ ಹುಡ್ಗ ಮದ್ವೆ ಮಾಡ್ಕೊಳ್ತಾವ್ನೆ ಕಣಪ್ಪ, ರೇಷನ್ ಕಾರ್ಡ್ ಮಾಡಿಸ್ತಾ ಇಲ್ಲ. ಬತ್ತೀವಿ."

ಅವರ ಹಿಂದೆ ಅನಂತರಾಜು ಹೊರಟ. ಶಾಲಿನಿ ಬಾಗಿಲ ಬಳಿ ನಿಂತು, "ಬೇಜಾರ್ ಮಾಡ್ಕೋಬೇಡಿ, ಫೋಟೋ ನಿಜವಾಗ್ಲೂ ಚೆನ್ನಾಗಿತ್ತು," ಎಂದು ಹೆಲ್ಮೆಟ್ ಹಾಕಿಕೊಂಡಳು. ಕೊನೆಗೆ ಮುನಿರತ್ನಮ್ಮ ಉಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ದೇವರಾಜುವಿನ ಎದುರು ನಿಂತರು.

"ಅಲ್ಲಾ ಕಣ್ಲಾ ದೇವ್ರಾಜ, ಅಷ್ಟು ಚೆನ್ನಾಗಿರೋ ಫೋಟೋನ ಯಾರಾದ್ರೂ ಅಳಿಸ್ತಾರೇನ್ಲಾ? ಒಂದ್ ಮಾತು ಅಳ್ಸು ಅಂದ್ರೆ ಅಳಿಸೇ ಬುಡೋದಾ? ನಿಂಗೊಸಿ ಬುದ್ಧಿ ಬೇಡ್ವಾ?"

ಬೈದುಕೊಂಡೇ ಅವರೂ ಬಸ್ಸು ಹತ್ತಿದರು.

ದೇವರಾಜು ಮತ್ತೆ ಕಂಪ್ಯೂಟರಿನ ಮುಂದೆ ಕೂತ. ಶುಕೂರನೂ ವೆಂಕಟಯ್ಯನವರೂ ಸಮಾಧಾನದ ಮಾತು ಹುಡುಕುತ್ತ ಆಚೀಚೆ ನಿಂತಿದ್ದರು. ಕೊನೆಗೆ ಅವನೇ ಖಾಲಿ ಪರದೆಗೆ ಬೆರಳು ತೋರಿಸಿದ.

"ಎಲ್ಲಾ ಸರಿ. ಆದ್ರೆ ಹೋಗಲ್ಲ ಅಂತಿತ್ತಲ್ಲ," ಎಂದ. "ಹೋಯ್ತೋ ಇಲ್ವೋ?"